ಪೊರಕೆಯೂ ಪಿತ್ರಾರ್ಜಿತವೇ? ಕಲ್ಯಾಣದಿಂದ ಬೆಂಗಳೂರಿನವರೆಗೆ ಒಂದು ಕಾಯಕ ಚಿಂತನೆ



ಕಲ್ಯಾಣವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅನುಭವ ಮಂಟಪ. ಆದರೆ ಶರಣರು ಅಲ್ಲಿಗೆ ಬರುವ ಮೊದಲೇ ಕಲ್ಯಾಣವು ಒಂದು ಮಹಾನಗರವಾಗಿತ್ತು ಎಂಬುದನ್ನು ನಾವು ಮರೆಯಬಾರದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಅಲ್ಲಿಂದ ಆಳಿದನು. ಅರಮನೆ, ಭಂಡಾರ, ಸೈನ್ಯ, ಸುಂಕ, ವ್ಯಾಪಾರ ಇವೆಲ್ಲ ಕೂಡಿದ ನಗರದಲ್ಲಿ ಉಳ್ಳವರೂ ಇಲ್ಲದವರೂ ಅಕ್ಕಪಕ್ಕದಲ್ಲಿಯೇ ಬಾಳುತ್ತಾರೆ. ಅಂತಹ ಊರಿನಲ್ಲಿ ಸಮಾನತೆಯ ಮಾತನ್ನು ಆಡುವುದು ಸುಲಭ, ಅದನ್ನು ಬೀದಿಗೆ ತರುವುದು ಕಷ್ಟ. ಶರಣರು ಆ ಕಷ್ಟವನ್ನೇ ಆರಿಸಿಕೊಂಡರು. ಅವರು ಎಲ್ಲಿಯವರೆಗೆ ನಡೆದರು, ಎಲ್ಲಿ ತಡೆಯಲ್ಪಟ್ಟರು, ಅವರು ಬಿಟ್ಟುಹೋದ ಕೆಲಸ ಇಂದಿನ ನಮ್ಮ ನಗರಗಳಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ಒಂದೇ ಒಂದು ವಸ್ತುವನ್ನು ಹಿಡಿದು ನೋಡೋಣ. ಆ ವಸ್ತು ಪೊರಕೆ.

ಒಂದೇ ನಗರದಲ್ಲಿ ಹುಟ್ಟಿದ ಎರಡು ಮಾತು

ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ವಿಜ್ಞಾನೇಶ್ವರನೆಂಬ ವಿದ್ವಾಂಸನಿದ್ದನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆಸ್ತಿಯ ಹಂಚಿಕೆಯ ವಿಷಯದಲ್ಲಿ ಭಾರತದ ಬಹುಭಾಗವು ಶತಮಾನಗಳ ಕಾಲ ಈ ಗ್ರಂಥವನ್ನೇ ಪ್ರಮಾಣವೆಂದು ನಂಬಿತು. ಅದರ ಮುಖ್ಯ ಸಿದ್ಧಾಂತಕ್ಕೆ ಜನ್ಮಸ್ವತ್ವವಾದವೆಂದು ಹೆಸರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ತೀರಿಕೊಂಡಾಗ ಅಲ್ಲ, ಮಗನು ಹುಟ್ಟಿದ ಕ್ಷಣದಲ್ಲಿಯೇ ಎಂಬುದು ಅದರ ತಾತ್ಪರ್ಯ. ಅಂದರೆ ಯಾರು ಯಾರ ಮನೆಯಲ್ಲಿ ಹುಟ್ಟಿದರು ಎಂಬುದೇ ಅವರ ಪಾಲನ್ನು ತೀರ್ಮಾನಿಸಿಬಿಡುತ್ತದೆ.

ಈ ಗ್ರಂಥ ರಚನೆಯಾಗಿ ಒಂದೆರಡು ತಲೆಮಾರು ಕಳೆಯುವುದರೊಳಗೆ, ಕಳಚುರಿ ಬಿಜ್ಜಳನು ಅದೇ ಕಲ್ಯಾಣದ ಸಿಂಹಾಸನದಲ್ಲಿದ್ದಾಗ, ಅವನ ಭಂಡಾರಿಯಾಗಿದ್ದ ಬಸವಣ್ಣನವರೂ ಅವರ ಸಂಗಡಿಗ ಶರಣರೂ ಮತ್ತೊಂದು ಮಾತನ್ನು ಹೇಳಿದರು. ಮನುಷ್ಯನ ಯೋಗ್ಯತೆ ಹುಟ್ಟಿನಿಂದ ಬರುವುದಿಲ್ಲ, ಅವನ ನಡೆಯಿಂದ ಬರುತ್ತದೆ ಎಂಬುದೇ ಆ ಮಾತು. ಹುಟ್ಟಿನಿಂದಲೇ ಹಕ್ಕು ಎಂದ ನಗರವೇ ಹುಟ್ಟಿನಿಂದ ಹಿರಿಮೆಯಿಲ್ಲ ಎಂದೂ ಹೇಳಿತು.

ಸದ್ಭಕ್ತರು ಇದನ್ನು ಕೇವಲ ಹಳೆಯ ಪಾಂಡಿತ್ಯದ ಸಂಗತಿಯೆಂದು ಭಾವಿಸಬಾರದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಪ್ರಕರಣವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಮಿತಾಕ್ಷರಾ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಹುಟ್ಟಿನ ಹಕ್ಕಿರಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ ಅದು ದೊರೆಯಿತು. ನಮ್ಮ ಮನೆಗಳ ಪಹಣಿಯಲ್ಲಿ, ಪಾಲುಪತ್ರದಲ್ಲಿ ವಿಜ್ಞಾನೇಶ್ವರನು ಇಂದಿಗೂ ಇದ್ದಾನೆ. ನಾಲಿಗೆಯ ಮೇಲೆ ಬಸವಣ್ಣನವರಿದ್ದಾರೆ. ಈ ಎರಡರ ನಡುವೆ ನಾವು ಬದುಕುತ್ತಿದ್ದೇವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಸ್ತಿಯುಳ್ಳವನ ಮಗನಿಗೆ ಮನೆ ಬಂತು, ಹೊಲ ಬಂತು. ಆಸ್ತಿಯಿಲ್ಲದವನ ಮಗನಿಗೆ ಏನು ಬಂತು? ಬೀದಿ ಗುಡಿಸುವವನ ಮಗನಿಗೆ ಪೊರಕೆ ಬಂತು. ಸ್ಮೃತಿಗಳು ವಿಭಾಗ ಮಾಡಿಕೊಡದಿದ್ದರೂ ಊರು ಈ ಆಸ್ತಿಯನ್ನು ತಪ್ಪದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿತು. ನಗರದ ಅಸಮಾನತೆಯೆಂದರೆ ಸಂಪತ್ತು ಒಂದು ಕಡೆ ಪಿತ್ರಾರ್ಜಿತವಾಗುವುದಷ್ಟೇ ಆಗಿರದೆ, ಹೊಲಸು ಮತ್ತೊಂದು ಕಡೆ ಪಿತ್ರಾರ್ಜಿತವಾಗುವುದೂ ಆಗಿದೆ.

ಅಂಗಳ ಗುಡಿಸಿದ ಶರಣೆ

ಈ ಎರಡನೆಯ ಪಿತ್ರಾರ್ಜಿತವನ್ನು ಶರಣರು ಹೇಗೆ ಮುರಿದರು? ಶಾಸನಗಳು ಶರಣರ ಬಗೆಗೆ ಹೇಳುವುದು ಕಡಿಮೆ. ಬಸವಣ್ಣನವರನ್ನು ಸ್ಮರಿಸುವ 1260ರ ಅರ್ಜುನವಾಡ ಶಾಸನದಂತಹ ಕೆಲವು ಮಾತ್ರ ನಮಗೆ ದೊರೆತಿವೆ. ಉಳಿದದ್ದನ್ನು ವಚನಗಳಿಂದ, ಹರಿಹರನ ರಗಳೆಗಳಿಂದ, ಪುರಾಣಗಳಿಂದ, ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯ ಪರಂಪರೆಯಿಂದ ನಾವು ತಿಳಿಯಬೇಕಾಗಿದೆ. ಆ ಪರಂಪರೆಯು ನಮಗೆ ಕೊಟ್ಟಿರುವ ಹೆಸರುಗಳೇ ಒಂದು ನಗರದ ಜನಗಣತಿಯಂತಿವೆ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ನೂಲು ತೆಗೆಯುವ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮವ್ವೆ. ಅರಮನೆಯ ದಾಖಲೆಗಳಲ್ಲಿ ಇವರ ಹೆಸರು ಬರುವ ಸಂಭವವೇ ಇರಲಿಲ್ಲ. ವಚನ ಸಾಹಿತ್ಯದಲ್ಲಿ ಅವರ ಹೆಸರಷ್ಟೇ ಉಳಿಯಲಿಲ್ಲ, ಅವರ ಮಾತೂ ಅಂಕಿತವೂ ಉಳಿದವು.

ಇವರಲ್ಲಿ ಸತ್ಯಕ್ಕನೆಂಬ ಶರಣೆಯನ್ನು ನಾವು ವಿಶೇಷವಾಗಿ ನೆನೆಯಬೇಕು. ಆಕೆ ಶಿಕಾರಿಪುರದ ಕಡೆಯ ಜಂಬೂರಿನವಳೆಂದು ಪ್ರತೀತಿ. ಶರಣರ ಮನೆಯಂಗಳವನ್ನು ಗುಡಿಸುವುದು ಆಕೆಯ ಕಾಯಕ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂಬ ಕಟ್ಟುನಿಟ್ಟಿನ ವ್ರತವನ್ನು ಆಕೆ ತನ್ನ ವಚನದಲ್ಲಿ ಸಾರಿದ್ದಾಳೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ದಾರಿಯಲ್ಲಿ ಬಿದ್ದದ್ದನ್ನೆಲ್ಲ ಎತ್ತುವುದೇ ಗುಡಿಸುವವಳ ಕೆಲಸ. ಅಂತಹವಳು ಹೊನ್ನನ್ನು ಮಾತ್ರ ಎತ್ತುವುದಿಲ್ಲ ಎನ್ನುತ್ತಾಳೆ. ತನ್ನ ಶ್ರಮದಿಂದ ಬಂದದ್ದು ಮಾತ್ರ ತನ್ನದು ಎಂಬ ನಿಲುವು ಅದು. ದಾನವನ್ನು ಬೇಡದ, ದಯೆಯನ್ನು ನಿರೀಕ್ಷಿಸದ ಈ ಸ್ವಾಭಿಮಾನವು ಪೊರಕೆ ಹಿಡಿದವರ ಮನೆಯಿಂದ ಬಂದಿತೆಂಬುದೇ ಕಲ್ಯಾಣದ ದೊಡ್ಡಸ್ತಿಕೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇದರ ಇನ್ನೊಂದು ಮುಖ. ಆಕೆಯ ಪತಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ನಗರದ ಅತ್ಯಂತ ಬಡ ಮನೆಯೊಂದು ಶ್ರೀಮಂತರಿಗೆ ಕಲಿಸಿದ ಅರ್ಥಶಾಸ್ತ್ರವಿದು. ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಡುವುದೇ ಇನ್ನೊಬ್ಬರ ಪಾಲನ್ನು ಕಿರಿದುಗೊಳಿಸುತ್ತದೆ ಎಂಬ ಅರಿವು ಭಂಡಾರಕ್ಕಿಂತ ಮೊದಲು ಆ ಗುಡಿಸಲಿನಲ್ಲಿತ್ತು.

ಮೋಳಿಗೆ ಮಾರಯ್ಯನ ಕಥೆಯನ್ನು ಇವುಗಳ ಜೊತೆಗಿಟ್ಟು ಓದಬೇಕು. ಅವನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬಾಳಿದನೆಂದು ಪರಂಪರೆ ಹೇಳುತ್ತದೆ. ಅರಸನು ಸೌದೆ ಹೊರುವುದಾದರೆ ಸೌದೆ ಹೊರುವುದು ಹೊರೆಯವನ ಮಗನ ಹಣೆಬರಹವಲ್ಲ ಎಂದಾಯಿತು. ಕಾಯಕವನ್ನು ಮನುಷ್ಯನು ಆರಿಸಿಕೊಳ್ಳಬಹುದು, ಬಿಡಬಹುದು, ಬದಲಿಸಬಹುದು. ಕಾಯಕ ತತ್ತ್ವದ ಈ ಅಂಶವನ್ನು ನಾವು ಪ್ರವಚನಗಳಲ್ಲಿ ಹೆಚ್ಚಾಗಿ ಹೇಳುವುದಿಲ್ಲ. ಎಲ್ಲ ಕೆಲಸಗಳೂ ಸಮಾನ ಎಂಬ ಅರ್ಧವನ್ನು ಹೇಳುತ್ತೇವೆ. ಯಾವ ಕೆಲಸವೂ ಯಾರಿಗೂ ಹುಟ್ಟಿನಿಂದ ಅಂಟಿಕೊಂಡದ್ದಲ್ಲ ಎಂಬ ಉಳಿದರ್ಧವನ್ನು ಬಿಟ್ಟುಬಿಡುತ್ತೇವೆ.

ಮಂಟಪದಿಂದ ಮನೆಯ ಬಾಗಿಲಿಗೆ

ಅನುಭವ ಮಂಟಪದಲ್ಲಿ ಎಲ್ಲರೂ ಒಟ್ಟಿಗೆ ಕುಳಿತದ್ದನ್ನು ಕಲ್ಯಾಣದ ಅಧಿಕಾರವರ್ಗವು ಹೇಗೋ ಸಹಿಸಿತು. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಮೂಲದ ಹರಳಯ್ಯನ ಮಗನಿಗೂ ವಿವಾಹವಾದಾಗ ಅದರ ತಾಳ್ಮೆ ಮುಗಿಯಿತು. ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಇದೆಲ್ಲ ನಡೆದದ್ದು 1167-68ರ ಸುಮಾರಿಗೆ.

ಈ ಮದುವೆಯು ಏಕೆ ಅಷ್ಟು ಅಪಾಯಕಾರಿಯಾಗಿ ಕಂಡಿತು? ಮಂಟಪದ ಸಮಾನತೆಯು ಸಂಜೆಗೆ ಮುಗಿಯುತ್ತದೆ, ಎಲ್ಲರೂ ತಮ್ಮ ತಮ್ಮ ಕೇರಿಗೆ ಮರಳುತ್ತಾರೆ. ಮದುವೆಯ ಸಮಾನತೆ ಹಾಗಲ್ಲ. ಅದರಿಂದ ಹುಟ್ಟುವ ಮಗುವಿಗೆ ಅಟ್ಟೆಯ ಉಳಿಯೂ ಅಗ್ರಹಾರದ ಮನೆಯೂ ಒಟ್ಟಿಗೆ ಪಿತ್ರಾರ್ಜಿತವಾಗಬೇಕಾಗುತ್ತದೆ. ಅಲ್ಲಿಗೆ ಜನ್ಮಸ್ವತ್ವದ ಲೆಕ್ಕವೇ ಕೆಡುತ್ತದೆ. ಆದ್ದರಿಂದ ನಗರವು ಸಮಾನತೆಯನ್ನು ಮಾತಿನಲ್ಲಿ ಒಪ್ಪಿ ರಕ್ತದಲ್ಲಿ ಒಪ್ಪದೆ ಹೋಯಿತು.

ಆ ಸೋಲಿಗಿಂತ ನೋವಿನ ಸಂಗತಿ ಅನಂತರ ನಡೆಯಿತು. ಶರಣರು ಕಾಯಕದ ಹೆಸರನ್ನು ತಮ್ಮ ಹೆಸರಿನ ಮುಂದೆ ಹೆಮ್ಮೆಯಿಂದ ಇಟ್ಟುಕೊಂಡಿದ್ದರು. ಮಡಿವಾಳ, ಹಡಪದ, ಅಂಬಿಗ ಎಂಬವು ಕಲ್ಯಾಣದಲ್ಲಿ ಗೌರವದ ಬಿರುದುಗಳಾಗಿದ್ದವು. ಶತಮಾನಗಳು ಉರುಳಿದಂತೆ ಅವೇ ಹೆಸರುಗಳು ಜಾತಿಯ ಹೆಸರುಗಳಾಗಿ ಉಳಿದವು, ಪಂಗಡದ ಹೆಸರುಗಳಾದವು, ಹೆಣ್ಣು ಗಂಡು ನೋಡುವಾಗ ಕೇಳುವ ಪ್ರಶ್ನೆಗಳಾದವು. ಹರಳಯ್ಯನ ಹೆಸರಿನಲ್ಲಿ ಜಯಂತಿ ಮಾಡುವ ಊರುಗಳಲ್ಲಿಯೇ ಹರಳಯ್ಯನ ಕುಲದವರ ಕೇರಿ ಊರಾಚೆಗಿದ್ದ ಉದಾಹರಣೆಗಳನ್ನು ನಾವೆಲ್ಲ ಬಲ್ಲೆವು. ಇದಕ್ಕೆ ಬಿಜ್ಜಳನೊಬ್ಬನನ್ನು ದೂರಿದರೆ ಸಾಲದು. ಬಿಜ್ಜಳನು ಹೋಗಿ ಎಂಟು ನೂರು ವರ್ಷಗಳಾದವು.

ಹಿಂಬದಿಯ ಗಲ್ಲಿ

ಈಗ ಕಲ್ಯಾಣದಿಂದ ಇಂದಿನ ನಮ್ಮ ರಾಜಧಾನಿಗೆ ಬರೋಣ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂದು ಕಸುಬಿಗೊಂದು ಬೀದಿಯಿತ್ತು. 1898ರ ಆಗಸ್ಟ್ ತಿಂಗಳಿನಲ್ಲಿ ಊರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತಂದು ಗಾಳಿ ಬೆಳಕುಳ್ಳ ವಿಸ್ತರಣೆಗಳಲ್ಲಿ ನೆಲೆಗೊಳಿಸುವ ಕೆಲಸಕ್ಕೆ ಅದರಿಂದ ವೇಗ ದೊರೆಯಿತು. ಬಸವನಗುಡಿ, ಮಲ್ಲೇಶ್ವರಗಳು ಹೀಗೆ ಬೆಳೆದವು. ಅಗಲವಾದ ನೇರ ರಸ್ತೆಗಳು, ಸಾಲುಮರಗಳು, ಉದ್ಯಾನಗಳು ಎಲ್ಲವೂ ಹೊಸತು. ಆದರೆ ಹೊಸ ನಕ್ಷೆಯಲ್ಲಿಯೂ ಬೇರೆ ಬೇರೆ ಜಾತಿಮತದವರಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಮಾಡಿದ್ದರು. ಪೇಟೆಯನ್ನು ಬಿಟ್ಟುಬಂದ ಜನರ ಹಿಂದೆಯೇ ಪೇಟೆಯ ಲೆಕ್ಕಾಚಾರವೂ ಬಂದಿತ್ತು.

ಆ ನಕ್ಷೆಗಳಲ್ಲಿ ಮತ್ತೊಂದು ಅಂಶವೂ ಇತ್ತು. ಮನೆಗಳ ಎರಡು ಸಾಲುಗಳ ಬೆನ್ನ ನಡುವೆ ಕಿರಿದಾದ ಗಲ್ಲಿಯೊಂದನ್ನು ಬಿಡುತ್ತಿದ್ದರು. ಅದನ್ನು ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಿದ್ದರು. ಒಳಚರಂಡಿಯಿಲ್ಲದ ಕಾಲದಲ್ಲಿ ಹಿತ್ತಿಲಿನ ಕಕ್ಕಸಿನಿಂದ ಮಲವನ್ನು ತುಂಬಿಕೊಂಡು ಹೋಗುವವರು ಬಂದುಹೋಗಲು ಅದು ದಾರಿ. ಮುಂಬಾಗಿಲಿನ ರಸ್ತೆಯು ಎಲ್ಲರಿಗೂ, ಹಿಂಬದಿಯ ಗಲ್ಲಿಯು ಅವರಿಗೆ. ಮನೆಯವರ ಕಣ್ಣಿಗೆ ಬೀಳದಂತೆ ಮನೆಯನ್ನು ಚೊಕ್ಕಟಗೊಳಿಸಿ ಹೋಗುವ ಮನುಷ್ಯನೊಬ್ಬನಿದ್ದಾನೆಂದು ನಗರ ನಿರ್ಮಾಪಕರಿಗೆ ತಿಳಿದಿತ್ತು. ಅವನಿಗಾಗಿ ಅವರು ನೆಲವನ್ನೂ ಬಿಟ್ಟಿದ್ದರು, ಆದರೆ ಆ ನೆಲವು ಅವನು ಕಾಣದಿರಲೆಂದು ಬಿಟ್ಟ ನೆಲವಾಗಿತ್ತು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಅಂತಹ ಕೆಲವು ಗಲ್ಲಿಗಳನ್ನು ಶುಚಿಗೊಳಿಸಿ ಗೋಡೆಗಳ ಮೇಲೆ ಚಿತ್ರ ಬಿಡಿಸಿದ್ದಾರೆ. ಅದು ಸಂತೋಷದ ಸಂಗತಿಯೇ ಸರಿ. ಆ ದಾರಿಯಲ್ಲಿ ಮೊದಲು ನಡೆದವರು ಯಾರೆಂಬುದನ್ನೂ ಚಿತ್ರ ನೋಡುವವರು ತಿಳಿದಿರಬೇಕು.

ಈ ಕೆಲಸವು ಕೇವಲ ರೂಢಿಯಿಂದ ಮುಂದುವರಿಯಿತೆಂದು ತಿಳಿಯಬಾರದು. ಬ್ರಿಟಿಷರ ಕಾಲದ ಕೆಲವು ಪುರಸಭಾ ಕಾನೂನುಗಳು ಝಾಡಮಾಲಿಗಳು ಮುಂಚಿತವಾಗಿ ತಿಳಿಸದೆ ಕೆಲಸ ಬಿಡುವುದನ್ನು ಶಿಕ್ಷಾರ್ಹ ಅಪರಾಧವೆಂದೇ ಎಣಿಸಿದ್ದವು. ಇತರ ನೌಕರನು ಕೆಲಸ ಬಿಟ್ಟರೆ ಸಂಬಳ ಹೋಗುತ್ತಿತ್ತು. ಗುಡಿಸುವವನು ಬಿಟ್ಟರೆ ಸೆರೆಮನೆಯ ಭಯವಿತ್ತು. ರೂಢಿಯು ಪೊರಕೆಯನ್ನು ಕೈಗೆ ಕೊಟ್ಟಿತು, ಕಾನೂನು ಅದನ್ನು ಕೆಳಗಿಡದಂತೆ ನೋಡಿಕೊಂಡಿತು.

ತಲೆಯ ಮೇಲಿನ ಹೊರೆಯನ್ನು ಇಳಿಸಿದವರು

ಸ್ವಾತಂತ್ರ್ಯ ಬಂದ ಮೇಲೂ ಈ ಹೊರೆ ಕೂಡಲೇ ಇಳಿಯಲಿಲ್ಲ. ಕರ್ನಾಟಕದಲ್ಲಿ ಅದನ್ನು ಇಳಿಸಿದ ಕೀರ್ತಿಯು 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರದು. ದಲಿತ ಸಮುದಾಯದಿಂದ ಬಂದ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಅಂದರೆ ಸುಮಾರು ಇಪ್ಪತ್ತು ವರ್ಷಗಳ ಅನಂತರ. ಅದೇ ದಶಕದಲ್ಲಿ ಪೌರಕಾರ್ಮಿಕರ ಬದುಕು ಮತ್ತು ದುಡಿಮೆಯ ಸ್ಥಿತಿಗತಿಗಳನ್ನು ಕುರಿತು ಐ.ಪಿ.ಡಿ. ಸಾಲಪ್ಪನವರ ಸಮಿತಿಯು ವರದಿ ನೀಡಿತು. ಝಾಡಮಾಲಿ ಮೊದಲಾದ ಹೀನಾಯ ಸಂಬೋಧನೆಗಳ ಜಾಗದಲ್ಲಿ ಪೌರಕಾರ್ಮಿಕ ಎಂಬ ಗೌರವದ ಹೆಸರು ನಮ್ಮ ನಾಡಿನಲ್ಲಿ ನೆಲೆಗೊಂಡಿತು. ಇಂದು ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಿದ್ದೇವೆ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ಬಸವಲಿಂಗಪ್ಪನವರು ಆಡಿದ ಬೂಸಾ ಎಂಬ ಒಂದು ಮಾತಿಗೆ ನಾಡಿನಲ್ಲಿ ದೊಡ್ಡ ಗಲಭೆಯಾಗಿ ಅವರು ಸಚಿವ ಸ್ಥಾನವನ್ನು ಬಿಡಬೇಕಾಯಿತು. ಆ ಮಾತಿನ ಸರಿತಪ್ಪುಗಳ ಚರ್ಚೆಯು ಇಲ್ಲಿ ಬೇಡ. ಆದರೆ ಲೋಕದ ಸ್ಮರಣೆಯಲ್ಲಿ ಬೂಸಾ ಪ್ರಕರಣವು ಉಳಿದಷ್ಟು ಗಾಢವಾಗಿ ತಲೆಯ ಮೇಲಿನ ಹೊರೆ ಇಳಿಸಿದ ಆಜ್ಞೆಯು ಉಳಿಯಲಿಲ್ಲವೆಂಬುದನ್ನು ನಾವು ಯೋಚಿಸಬೇಕು.

ಆಜ್ಞೆ ಹೊರಟ ಮಾತ್ರಕ್ಕೆ ಆಚರಣೆ ನಿಲ್ಲುವುದಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒಣ ಕಕ್ಕಸುಗಳು ಮುಂದುವರಿದಿದ್ದವು. ಭೂಮಿಯ ಆಳದಿಂದ ಹೊನ್ನು ತೆಗೆದ ಊರದು, ಅದರ ಹಿತ್ತಿಲುಗಳಲ್ಲಿ ಮನುಷ್ಯರು ಮಲವನ್ನು ಹೊರುತ್ತಿದ್ದರು. ಅಂತಹ ಕುಟುಂಬವೊಂದರಲ್ಲಿ 1966ರಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. ಆ ಆಂದೋಲನವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ಹೊಸ ಕಾನೂನು ಬಂದಿತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, ಒಳಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯವು ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ತಂದೆಯ ಪೊರಕೆಯನ್ನು ಹಿಡಿಯಲು ಮಗನು ನಿರಾಕರಿಸಿದ್ದರಿಂದ ಒಂದು ದೇಶದ ಕಾನೂನೇ ಬದಲಾಯಿತು.

ನಮ್ಮ ಬಸವಭಕ್ತಿಯ ನಾಡಾದ ಹಾವೇರಿ ಜಿಲ್ಲೆಯ ಸವಣೂರಿನ ಘಟನೆಯನ್ನು ಇಲ್ಲಿ ಬಿಟ್ಟರೆ ಲೇಖನವು ಅಪ್ರಾಮಾಣಿಕವಾದೀತು. 2010ರ ಜುಲೈ ತಿಂಗಳಿನಲ್ಲಿ, ತಲೆಮಾರುಗಳಿಂದ ವಾಸವಾಗಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆಯ ಎದುರಿನಲ್ಲಿ ತಮ್ಮ ಮೈಮೇಲೆಯೇ ಮಲವನ್ನು ಸುರಿದುಕೊಂಡರು. ಯಾರ ಮನೆಯ ಹೊಲಸನ್ನು ಇಷ್ಟು ಕಾಲ ತಾವು ಹೊತ್ತರೋ ಅವರಿಗೆ ಅದನ್ನು ತೋರಿಸದ ಹೊರತು ತಮ್ಮ ಮಾತು ಕೇಳಿಸದು ಎಂಬ ಸ್ಥಿತಿಗೆ ಅವರು ಬಂದಿದ್ದರು. ಕಲ್ಯಾಣದ ಮಂಟಪದಲ್ಲಿ ಸತ್ಯಕ್ಕನ ಮಾತನ್ನು ಕೇಳಲು ಇಂತಹ ಬೆಲೆಯನ್ನು ಯಾರೂ ಕೇಳಿರಲಿಲ್ಲ.

ಹೂಮಾಲೆ ಮತ್ತು ನೇಮಕಾತಿ ಪತ್ರ

ಬೆಂಗಳೂರು ಬೆಳೆದಂತೆ ಬೀದಿ ಗುಡಿಸುವ ಕೆಲಸವು 1990ರ ದಶಕದಿಂದೀಚೆಗೆ ಹೆಚ್ಚು ಹೆಚ್ಚಾಗಿ ಗುತ್ತಿಗೆದಾರರ ಕೈಗೆ ಹೋಯಿತು. ಇಲ್ಲಿ ಅಸಮಾನತೆಯು ಹೊಸ ರೂಪ ತಾಳಿತು. ನಗರದ ಆಡಳಿತವು ಗುತ್ತಿಗೆದಾರನಿಗೆ ಹಣ ಕೊಡುತ್ತದೆ, ಗುತ್ತಿಗೆದಾರನು ಕಾರ್ಮಿಕರಿಗೆ ಕೊಡುತ್ತಾನೆ. ನಡುವಿನಲ್ಲಿ ಕೂಲಿ ಸೋರುತ್ತದೆ, ಭವಿಷ್ಯನಿಧಿಯ ಹಣ ಖಾತೆಗೆ ತಲುಪಿತೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿ ಗುಡಿಸುವವಳಿಗೆ ಇರುವುದಿಲ್ಲ. ಅವಳು ಗುಡಿಸುವುದು ನಗರದ ಬೀದಿಯನ್ನು, ಆದರೆ ನಗರವು ಅವಳನ್ನು ತನ್ನವಳೆಂದು ಹೇಳುವುದಿಲ್ಲ. ಹಿಂಬದಿಯ ಗಲ್ಲಿಯು ನೆಲದಿಂದ ಕಾಗದದ ಮೇಲೆ ಬಂದಿತು ಎನ್ನಬಹುದು.

ಈ ಗುತ್ತಿಗೆ ಪದ್ಧತಿಯ ವಿರುದ್ಧ ಪೌರಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. ಅವರಲ್ಲಿ ಬಹುಪಾಲು ದಲಿತ ಮಹಿಳೆಯರೆಂಬುದನ್ನು ನೆನಪಿಡಬೇಕು. 2017ರಲ್ಲಿ ಸರ್ಕಾರವು ಗುತ್ತಿಗೆಯನ್ನು ಕೈಬಿಟ್ಟು ನೇರ ಪಾವತಿಯ ವ್ಯವಸ್ಥೆಗೆ ಒಪ್ಪಿತು. 2020ರ ಕೊರೊನಾ ಕಾಲದಲ್ಲಿ ಊರೆಲ್ಲ ಬಾಗಿಲು ಮುಚ್ಚಿಕೊಂಡಾಗ ಅವರು ಬೀದಿಯಲ್ಲಿದ್ದರು. ಆಗ ಅವರಿಗೆ ಹಲವೆಡೆ ಹೂಮಳೆ ಸುರಿಯಿತು, ಹಾರ ಬಿದ್ದಿತು, ಪಾದಪೂಜೆಯೂ ನಡೆಯಿತು. ಆದರೂ ನೌಕರಿ ಕಾಯಂ ಆಗಬೇಕೆಂದು 2022ರ ಜುಲೈ ಮೊದಲ ವಾರದಲ್ಲಿ ಅವರು ರಾಜ್ಯವ್ಯಾಪಿ ಮುಷ್ಕರಕ್ಕೆ ಇಳಿಯಬೇಕಾಯಿತು. ನಾಲ್ಕು ದಿನಗಳಲ್ಲಿ ಸರ್ಕಾರವು ಬೇಡಿಕೆಗೆ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಪತ್ರಗಳನ್ನು ನೀಡಲಾಯಿತು.

ಹೂಮಾಲೆಗೂ ನೇಮಕಾತಿ ಪತ್ರಕ್ಕೂ ಇರುವ ವ್ಯತ್ಯಾಸವೇ ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಕೊಡುವ ದಿನ, ಕೊಡುವ ಪ್ರಮಾಣ ಎರಡೂ ಅವನ ಇಚ್ಛೆ. ದಾಸೋಹದಲ್ಲಿ ಕೊಡುವವನು ತನ್ನದನ್ನು ಕೊಡುತ್ತಿಲ್ಲ, ಸಮಾಜದಿಂದ ಬಂದದ್ದನ್ನು ಸಮಾಜಕ್ಕೆ ಮರಳಿಸುತ್ತಿದ್ದಾನೆ. ಹೂಮಾಲೆಯು ಸಂಜೆಗೆ ಬಾಡುತ್ತದೆ. ನೇಮಕಾತಿಯ ಪತ್ರದಿಂದ ಹೆರಿಗೆಯ ರಜೆ, ಕಾಯಿಲೆಯ ರಜೆ, ಮುಪ್ಪಿನ ಭದ್ರತೆ, ಮಕ್ಕಳ ಶಾಲೆಗಾಗಿ ಸಾಲ ಕೇಳುವ ಧೈರ್ಯ ಇವೆಲ್ಲ ಬರುತ್ತವೆ. ನಗರವೊಂದು ನ್ಯಾಯವಂತವಾಗುವುದು ಇಂತಹ ಸಣ್ಣ ಸಣ್ಣ ಕಾಗದಗಳ ಮೂಲಕವೇ.

ಆಯ್ಕೆಯಿಲ್ಲದ ಕೆಲಸ ಕಾಯಕವಾದೀತೇ?

ಇಷ್ಟಾದರೂ ಮೂಲ ಪ್ರಶ್ನೆಯು ಹಾಗೆಯೇ ಇದೆ. ಪತ್ರ ಪಡೆದ 12 ಸಾವಿರ ಮಂದಿಯ ತಾಯಂದಿರು ಯಾರಾಗಿದ್ದರು, ಮಕ್ಕಳು ಯಾರಾಗುತ್ತಾರೆ? ದುಡಿಯುವವರು ತೀರಿಕೊಂಡಾಗ ಮನೆಯ ಮತ್ತೊಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡುವ ನಿಯಮವಿದೆ. ಅದು ಹಸಿದ ಮನೆಗೆ ಆಸರೆ, ಅದನ್ನು ಯಾರೂ ಬೇಡವೆನ್ನಲಾರರು. ಆದರೆ ಗುಮಾಸ್ತೆಯ ಮಗನು ಬೇರೆ ಉದ್ಯೋಗಕ್ಕೆ ಹೋಗಲು ನೂರು ದಾರಿಗಳಿರುವಾಗ, ಪೌರಕಾರ್ಮಿಕಳ ಮಗಳಿಗೆ ತೆರೆದಿರುವುದು ತಾಯಿಯ ಪೊರಕೆಯ ದಾರಿಯೊಂದೇ ಆದರೆ, ಜನ್ಮಸ್ವತ್ವವು ತನ್ನ ಅತ್ಯಂತ ಕ್ರೂರ ರೂಪದಲ್ಲಿ ಇನ್ನೂ ಜೀವಂತವಾಗಿದೆ ಎಂದೇ ಅರ್ಥ.

ಇಲ್ಲಿ ಶರಣಧರ್ಮದ ಅನುಯಾಯಿಗಳಾದ ನಮ್ಮ ಜವಾಬ್ದಾರಿ ದೊಡ್ಡದು. ಏಕೆಂದರೆ ಕಾಯಕವೆಂಬ ಶಬ್ದವು ನಮ್ಮದು. ಸಭೆಗಳಲ್ಲಿ ಪೌರಕಾರ್ಮಿಕರನ್ನು ಕೂರಿಸಿ, ನಿಮ್ಮದು ಪವಿತ್ರ ಕಾಯಕ ಎಂದು ಹೊಗಳಿ, ಶಾಲು ಹೊದಿಸಿ ಕಳುಹಿಸುವ ರೂಢಿಯುಂಟು. ಹೊಗಳುವವರು ತಮ್ಮ ಮಕ್ಕಳಿಗೆ ಆ ಪವಿತ್ರ ಕಾಯಕವನ್ನು ಎಂದೂ ಬಯಸುವುದಿಲ್ಲ. ಸತ್ಯಕ್ಕನು ಗುಡಿಸಿದ್ದು ಭಕ್ತಿಯಿಂದ ಆರಿಸಿಕೊಂಡ ವ್ರತವಾಗಿ. ಮೋಳಿಗೆ ಮಾರಯ್ಯನು ಸೌದೆ ಹೊತ್ತದ್ದು ಸಿಂಹಾಸನವನ್ನು ಬಿಟ್ಟುಬಂದು. ಬೇರೆ ದಾರಿಯಿಲ್ಲದೆ ಹಿಡಿದ ಪೊರಕೆಗೆ ಕಾಯಕವೆಂದು ಹೆಸರಿಟ್ಟರೆ ಶರಣರ ಶಬ್ದದಿಂದಲೇ ಶರಣರ ತತ್ತ್ವವನ್ನು ಮುಚ್ಚಿದಂತಾಗುತ್ತದೆ. ಆಯ್ಕೆ, ಯೋಗ್ಯ ಪ್ರತಿಫಲ, ಸಮಾನ ಗೌರವ ಈ ಮೂರೂ ಕೂಡಿದಾಗ ಮಾತ್ರ ಕೆಲಸವು ಕಾಯಕವಾಗುತ್ತದೆ. ಮೊದಲಿನೆರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಕೊಡುವುದು ಅಗ್ಗದ ಔದಾರ್ಯ.

ಪಿತ್ರಾರ್ಜಿತವಾದ ಪೊರಕೆಯನ್ನು ಬಿಡಿಸುವ ಉಪಾಯವು ನಮ್ಮ ಮಠ ಪರಂಪರೆಗೆ ತಿಳಿಯದ್ದೇನೂ ಅಲ್ಲ. ಅನ್ನವನ್ನೂ ಅಕ್ಷರವನ್ನೂ ಒಂದೇ ಸೂರಿನಡಿ ಕೊಡುವುದೇ ಆ ಉಪಾಯ. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಉಚಿತ ಊಟ, ವಸತಿ, ಓದು ಕೊಟ್ಟದ್ದನ್ನು ನಾಡು ಕಂಡಿದೆ. ತಂದೆಯ ಕಸುಬನ್ನು ಬಿಟ್ಟು ತಮಗೆ ಬೇಕಾದುದನ್ನು ಆರಿಸಿಕೊಂಡ ಎಷ್ಟೋ ಮಂದಿ ಅಂತಹ ಪ್ರಸಾದ ನಿಲಯಗಳಿಂದ ಬಂದವರು. ಆದ್ದರಿಂದ ಭಕ್ತರಲ್ಲಿ ಮೂರು ವಿನಂತಿಗಳು. ನಮ್ಮ ಪ್ರಸಾದ ನಿಲಯಗಳಲ್ಲಿ, ಶಾಲಾ ಕಾಲೇಜುಗಳಲ್ಲಿ ನಮ್ಮ ಊರಿನ ಪೌರಕಾರ್ಮಿಕರ ಮಕ್ಕಳು ಎಷ್ಟು ಮಂದಿ ಇದ್ದಾರೆಂದು ಈ ವರ್ಷ ಎಣಿಸಿ ನೋಡೋಣ. ಜಾತ್ರೆಯ ಮರುದಿನ ಎಲೆ ಎತ್ತುವ, ತೇರಿನ ಬೀದಿ ಗುಡಿಸುವ ಕೆಲಸಕ್ಕೆ ಒಂದೇ ಕೇರಿಯ ಜನರನ್ನು ಕರೆಯದೆ ಎಲ್ಲ ಮನೆಗಳಿಂದಲೂ ಸರದಿ ಹಾಕಿಕೊಳ್ಳೋಣ, ಮೊದಲ ಸರದಿಯು ಸಮಿತಿಯ ಪದಾಧಿಕಾರಿಗಳದ್ದಾಗಲಿ. ಹೊರಗಿನಿಂದ ಕೆಲಸಗಾರರನ್ನು ಕರೆಸಿದರೆ ಅವರಿಗೆ ನಿಗದಿತ ಕೂಲಿ, ಕೈಗವಸು, ಕುಡಿಯುವ ನೀರು, ಮತ್ತು ಎಲ್ಲರೊಡನೆ ಅದೇ ಪಂಕ್ತಿಯಲ್ಲಿ ಪ್ರಸಾದ ದೊರೆಯುವಂತೆ ನೋಡಿಕೊಳ್ಳೋಣ.

2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಚೇರಿಗಳ ಗೋಡೆಗಳ ಮೇಲೆ ಅವರ ಭಾವಚಿತ್ರ ಬಂದಿತು. ಆ ಗೋಡೆಯ ಕೆಳಗಿನ ನೆಲವನ್ನು ಪ್ರತಿದಿನ ಬೆಳಗಿನ ಜಾವ ಬಂದು ಗುಡಿಸಿ ಹೋಗುವ ಒಬ್ಬಳಿದ್ದಾಳೆ. ಅವಳ ಹೆಸರನ್ನು ನಾವು ಕೇಳಬೇಕು, ಅವಳ ಮಗಳು ಏನು ಓದುತ್ತಿದ್ದಾಳೆಂದು ವಿಚಾರಿಸಬೇಕು. ಆ ಮಗಳು ತಾಯಿಯ ಪೊರಕೆಯನ್ನು ಹಿಡಿಯದೆ ತಾನು ಬಯಸಿದ ಕಾಯಕವನ್ನು ಹಿಡಿದ ದಿನ ಹರಳಯ್ಯ, ಮಧುವರಸರು ತೆತ್ತ ಬೆಲೆಯಲ್ಲಿ ಒಂದಂಶವನ್ನಾದರೂ ನಾವು ತೀರಿಸಿದಂತಾಗುತ್ತದೆ.